ಪಾಲಾಕ್ಷ ಮಾಮನ ದ್ವೀಪ

ನಮ್ಮ ಪಾಲಾಕ್ಷ ಮಾಮನಂಗ ಪ್ಲಾನ್ ಮಾಡೋ ಮನುಷ್ಯ ಕೊಟ್ಟೂರಾಗಷ್ಟೇ ಅಲ್ಲ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಸೋಸಿದ್ರೂ ಇನ್ನೊಬ್ಬ ಸಿಗಂಗಿಲ್ಲ. ಹೊಗಳಾಕತ್ತೀನಿ ಅಂತ ತಿಳ್ಕೋಬ್ಯಾಡ್ರಿ. ಅವನ ಪ್ಲಾನು ಅಂದ್ರ ಬಾಯಾಗ ಹುಟ್ಟಿ ಬಾಯಾಗೇ ವಯಸ್ಸಾಗೋ ಪ್ಲಾನು.

ಮಾಮ ಅಂದ್ರ ನಮ್ಮವ್ವನ ತಮ್ಮ. ಕೊಟ್ಟೂರಿಂದ ಹಗರಿಬೊಮ್ಮನಹಳ್ಳಿಗೆ, ಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಸರ್ವಿಸ್ ಜೀಪ್ ಓಡಿಸ್ತಾನ. ನಾ ಹುಟ್ಟೋಕಿಂತ ಮೊದ್ಲಿಂದ ಅದೇ ರೋಡು, ಅದೇ ಗುಂಡಿ, ಅದೇ ತಿರುವು. ಆದ್ರ ಮಾತು ಮಾತ್ರ ಕೇಳ್ಬೇಕು! ಗೋವಾಕ್ಕ ಶಾರ್ಟ್‌ಕಟ್ ಯಾವುದು, ಕಾಶಿ ರೋಡಿನ್ಯಾಗ ಡೀಸೆಲ್ ಎಲ್ಲಿ ಚಲೋ ಸಿಗ್ತೈತಿ, ಕೇರಳದವರು ಹಾರ್ನ್ ಹೆಂಗ ಹೊಡೀತಾರ, ಎಲ್ಲಾ ಇವನಿಗೇ ಗೊತ್ತು. ಒಂದ್ ಕಾಲು ಜೀಪಿನ ಮೆಟ್ಟಿಲ ಮ್ಯಾಲೆ, ಒಂದ್ ಕಾಲು ನೆಲದ ಮ್ಯಾಲೆ, ಹೆಗಲ ಮ್ಯಾಲೆ ಕೆಂಪು ಟವೆಲ್, "ಬೊಮ್ನಳ್ಳಿ ಬೊಮ್ನಳ್ಳಿ ಬೊಮ್ನಳ್ಳಿ, ಹೊಂಟ್ತು ಹೊಂಟ್ತು ಹೊಂಟ್ತು!" ಅಂತ ಕೂಗ್ತಿರ್ತಾನ. ಹೊರಡಂಗಿಲ್ಲ. ಜೀಪು ತುಂಬ್ಬೇಕು. ತುಂಬೋದು ಅಂದ್ರ ಒಳಗ ಸೀಟು ತುಂಬೋದಲ್ರಿ, ಹಿಂದ ಇಬ್ಬರು ಜೋತುಬಿದ್ದು, ಡ್ರೈವರ್ ಪಕ್ಕದಾಗ ಅರ್ಧ ಮನುಷ್ಯ ಕೂತು, ಯಾರದೋ ಕೋಳಿ ಇನ್ಯಾರದೋ ತೊಡಿ ಮ್ಯಾಲೆ ಕೂತ್ಮ್ಯಾಲೆ ಅದು ತುಂಬಿದಂಗ.

ಈ ಚಾಳಿ ಅವನ ಮೈಯಾಗೇ ಇಳದೈತಿ. ಅವನ ಮದುವಿ ಕಥಿ ನಮ್ಮ ಮನ್ಯಾಗ ಇವತ್ತಿಗೂ ಹೇಳಿ ಹೇಳಿ ನಗ್ತಾರ. ಹೆಣ್ಣಿನ ಮನಿ ಇಟ್ಟಿಗಿಯಾಗ. ಮದುಮಗ ತಾನೇ ಜೀಪ್ ಓಡಿಸ್ತೀನಿ ಅಂತ ಬಾಸಿಂಗ ಕಟ್ಕೊಂಡೇ ಸ್ಟೀರಿಂಗ್ ಹಿಡದ. ದಾರ್ಯಾಗ ಕೈ ತೋರ್ಸಿದವ್ರನ್ನೆಲ್ಲಾ ಹತ್ತಿಸ್ಕೊಂಡ. ಮುಹೂರ್ತ ಮುಗಿಯೋ ಹೊತ್ತಿಗೆ ಇಳದ್ನಂತ, ಜೊತಿಗೆ ಒಂದ್ ಜೀಪು ಗುರುತಿಲ್ಲದ ಮಂದಿ. ಅವ್ರೂ ಇಳದು ಊಟಕ್ಕ ಕೂತ್ರಂತ. ಪಂಪಮ್ಮತ್ತಿ, ಅಂದ್ರ ಮಾಮನ ಹೆಂಡ್ತಿ, ಅವತ್ತಿಂದ ಇವತ್ತಿನ ತನಕ ಗಂಡನ್ನ ನೋಡೋ ನೋಟ ಒಂದೇ. ಬಜಾರದಾಗ ಕೊಳೆತ ಬದನಿಕಾಯಿ ಕೈಗೆ ಬಂದ್ರ ನೋಡ್ತೀವಲ್ಲ, ಹಂಗ.

ಅತ್ತಿಗೆ ಜೀವನದಾಗ ಇದ್ದಿದ್ದು ಒಂದೇ ಆಸಿ. ಸಮುದ್ರ ನೋಡ್ಬೇಕು. ಮದುವಿಯಾದ ಹೊಸದ್ರಾಗ ಮಾಮ ಮಾತು ಕೊಟ್ಟಿದ್ದನಂತ, "ನಿನ್ನ ಸಮುದ್ರದಾಗ ನಿಂದ್ರಸ್ತೀನಿ, ಪಂಪಿ" ಅಂತ. ಅತ್ತಿ ಇದನ್ನ ಮರ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾತು ಅಂತ ಮಾಮ ಮುಖ ಕಿವುಚಿದ್ರ ಸಾಕು, "ಸಮುದ್ರ ತೋರ್ಸಲಿಲ್ಲ, ಅದಕ್ಕ ತಾಟಿಗೇ ತಂದೀನಿ, ಉಣ್ರಿ" ಅಂತಿದ್ಲು.

ಇಂಥಾ ಮನ್ಯಾಗ ಬೆಂಕಿ ಹಚ್ಚಿದಾಕಿ ನಾನು! ಎರಡ್ ಸಾವಿರದ ಎರಡು, ಜನವರಿ. ನಾ ಆಗ ದಾವಣಗೆರಿಯಾಗ ಹಾಸ್ಟೆಲ್‌ನಾಗ ಇದ್ದು ಡಿಗ್ರಿ ಓದ್ತಿದ್ದೆ, ರಜಾಕ್ಕ ಕೊಟ್ಟೂರಿಗೆ ಬಂದಿದ್ದೆ. ಕಾಲೇಜು ಲೈಬ್ರರಿಯಾಗ ಒಂದ್ ಇಂಗ್ಲಿಷ್ ಮ್ಯಾಗಝೀನ್ ಓದಿದ್ದೆ ನೋಡ್ರಿ, ರಾಮೇಶ್ವರದ ದ್ವೀಪದ ಮ್ಯಾಲೆ! ಸಮುದ್ರದ ಮ್ಯಾಲೇ ರೋಡು! ಬಸ್ಸು ಹೋಗ್ತಿದ್ರ ಎಡಕ್ಕೂ ನೀರು ಬಲಕ್ಕೂ ನೀರು! ದ್ವೀಪದ ಕೊನಿಗೆ ಎರಡು ಸಮುದ್ರ ಕೂಡ್ತಾವ, ಒಂದು ಸುಮ್ಮನಿರ್ತೈತಿ, ಒಂದು ಹಾರಾಡ್ತೈತಿ, ಹೆಚ್ಚು ಕಡಿಮಿ ನಮ್ಮ ಅತ್ತಿ ಮಾಮ ಇದ್ದಂಗ! ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿ ಬರ್ತಾವಂತ, ಸಮುದ್ರದಾಗ ಹಸು ಐತಂತ, ಕಡಲಹಸು, ಹುಲ್ಲು ಮೇಯ್ತೈತಂತ! ಇದನ್ನೆಲ್ಲಾ ಉಸಿರು ಬಿಡದಂಗ ಅತ್ತಿ ಮುಂದ ಹೇಳಿದೆ. ಮೂಲ್ಯಾಗ ಚಾ ಕುಡೀತಿದ್ದ ಮಾಮ ಕಪ್ಪು ಕೆಳಗಿಟ್ಟ.

"ಅಷ್ಟೇ ಏನಲೇ? ನಾ ಕರ್ಕೊಂಡು ಹೋಗ್ತೀನಿ ನಡೀರಿ."

ನಾ ಹಾರಿ ಕುಣದೆ. ಅತ್ತಿ ಕುಣೀಲಿಲ್ಲ. "ಯಾವ ಜನ್ಮದಾಗ?" ಅಂದ್ಲು.

"ಸಂಕ್ರಾಂತಿ ಮುಗಿದ ಮರುದಿನ. ನನ್ನ ಜೀಪು, ನನ್ನ ಡ್ರೈವಿಂಗು."

ಅಲ್ಲಿಂದ ಶುರುವಾತು ನೋಡ್ರಿ ಪ್ಲಾನು. ಬಸ್‌ಸ್ಟ್ಯಾಂಡ್ ಮುಂದಿನ ಚಾದಂಗಡಿ ಇವನ ಆಫೀಸು. ಯಾವುದೋ ಶಾಲಿಯಾಗ ಬಿಸಾಕಿದ್ದ ಇಂಡಿಯಾ ಮ್ಯಾಪು ತಂದು ಗೋಡಿಗೆ ಹಾಕ್ಸಿದ. ಹಳೇ ಮ್ಯಾಪು, ಕೆಳಗ ಕಟ್ಟಿಗಿ ಕೋಲು ಹಚ್ಚಿರ್ತಾರಲ್ಲ, ಆ ಕೋಲಿಗೆ ಹಾಳಿ ಸುತ್ಕೊಂಡು ದಕ್ಷಿಣದ ತುದಿ ಅರ್ಧ ಒಳಗ ಹೋಗಿಬಿಟ್ಟಿತ್ತು. "ರಾಮೇಶ್ವರ ಎಲ್ಲೈತಿ ಮಾಮ ಇದ್ರಾಗ?" ಅಂದ್ರ, "ಕೋಲಿನೊಳಗ ಐತಿ. ಹತ್ರ ಹೋದಂಗ ಬಿಚ್ಕೊಂತೈತಿ" ಅಂದ. ಚಾದಂಗಡಿಯವರು ತಲಿ ಅಲ್ಲಾಡ್ಸಿದ್ರು! ಇವನ ಮಾತಿಗೆ ತಲಿ ಅಲ್ಲಾಡ್ಸೋದು ಅಂದ್ರ ಆ ಅಂಗಡಿಯಾಗ ಚಾಕ್ಕ ಸಕ್ರಿ ಹಾಕಿದಂಗ, ಕೇಳದನ ಹಾಕ್ತಾರ.

ಮೊದ್ಲನೇ ಹಾಲ್ಟು ಗುಡೇಕೋಟಿ, ಕರಡಿ ನೋಡಾಕ. "ಮಾಮ, ಗುಡೇಕೋಟಿ ನಮ್ಮ ದಾರ್ಯಾಗ ಬರಂಗಿಲ್ಲ." "ವೈಲ್ಡ್‌ಲೈಫ್ ವೈಲ್ಡ್‌ಲೈಫ್ ಅಂತ ಕುಣಿದಾಕಿ ನೀನೇ ಅಲ್ಲೇನು? ಕರಡಿ ಏನು ಪ್ಯಾಟಿ ಪ್ರಾಣಿಯೇನು?" ಆಮ್ಯಾಲೆ ಬಂಡೀಪುರ, ಆನಿ ಅಡ್ಡ ಬಂದ್ರ ಹೆಂಗ ರಿವರ್ಸ್ ತಗೀಬೇಕು ಅಂತ ಚಾದ ಗ್ಲಾಸುಗಳನ್ನ ಆನಿ ಮಾಡಿ, ಬೀಡಿ ಕಟ್ಟು ಜೀಪು ಮಾಡಿ ತೋರ್ಸಿದ. ಆನಿ ನೋಡದವನು, ಬಂಡೀಪುರ ನೋಡದವನು! ಮಧುರೈಯಾಗ ಯಾವ ಕಡಿ ತಿರುಗ್ಬೇಕು ಅಂತ ಒಬ್ಬರು ಕೇಳಿದ್ರ, "ಅಲ್ಲಿ ಯಾರನ್ನ ಕೇಳಿದ್ರೂ ಪಾಲಾಕ್ಷ ಅಂದ್ರ ಹೇಳ್ತಾರ" ಅಂದುಬಿಟ್ಟ. ನನಗ ನಗು ತಡಿಯಾಕ ಆಗ್ದ ದುಪಟ್ಟಾ ಬಾಯಿಗೆ ತುರ್ಕೊಂಡೆ.

ಇದು ಯಾತ್ರಿ ಅಲ್ಲ, ರೋಡ್ ಟ್ರಿಪ್ಪು ಅಂತ ನಾ ಓಣಿ ತುಂಬ ಹೇಳ್ಕೊಂಡು ಬಂದೆ. ಯಾರೂ ಕೇಳಲಿಲ್ಲ. ರಾಮೇಶ್ವರ ಅಂದ್ಮ್ಯಾಲೆ ಮುಗೀತು. ಯಾತ್ರಿಗೆ ಹೋಗೋರಿಗೆ ಉಡಿ ತುಂಬಿ ಕಳಸೋದು ನಮ್ಮ ಕಡಿ ಪದ್ಧತಿ. ಮನಿ ಮನ್ಯಾಗ ಕರದು ಅತ್ತಿ ಸೆರಗಿನಾಗ ಅಕ್ಕಿ, ಕೊಬ್ರಿ, ಎಲಿ ಅಡಿಕಿ, ಕುಬಸದ ಕಣ ಹಾಕಿದ್ರು, ಮುಯ್ಯಿ ಅಂತ ಕೈಯಾಗ ನೋಟು ಇಟ್ರು. ಉಡಿ ತುಂಬಿಸ್ಕೊಂಡ ಹೆಣ್ಮಗಳು ಹೋಗೋ ಕಡಿ ಹೋಗದ ಹೊಸ್ತಿಲಿಗೆ ವಾಪಸ್ ಬರಂಗಿಲ್ಲ. ಗಂಡ ಹೆಂಡ್ತಿ ಜೋಡಿಲೇ ಹೋದ್ರ ಜೋಡಿಲೇ ಬರ್ಬೇಕು. ಜೊತಿಗೆ ಎಲ್ಲರೂ ಒಂದೊಂದು ಖಾಲಿ ಬಾಟ್ಲಿ ಕೊಟ್ರು, ಸಮುದ್ರದ ನೀರು ತರಾಕ. ಎಣ್ಣಿ ಬಾಟ್ಲಿ, ಗುಲಾಬಿ ನೀರಿನ ಬಾಟ್ಲಿ, ಒಬ್ಬಾಕಿ ಮಗನ ಸ್ಕೂಲಿನ ವಾಟರ್ ಬಾಟ್ಲಿ!

ಕಡೀಕ ಪಕ್ಕದ ಮನಿ ಎರ್ರೆಮ್ಮಜ್ಜಿ ಬಂದ್ಲು. ಕೈಯಾಗ ಕೆಮ್ಮಿನ ಔಷಧದ ಕಂದು ಬಾಟ್ಲಿ. "ತೊಳದೀನಿ ತಾಯಿ, ವಾಸನಿ ಇಲ್ಲ. ನಮ್ಮ ಯಜಮಾನ ಸಾಯೋ ಮುಂದ ಸಮುದ್ರ ಸಮುದ್ರ ಅಂತ ಬಡಬಡಿಸಿದ. ಅವನ ಸಮಾಧಿ ಮ್ಯಾಲೆ ಒಂದ್ ಹನಿ ಹಾಕ್ತೀನಿ."

ಅತ್ತಿ ಮುದುಕಿ ಕೈ ಮ್ಯಾಲೆ ಕೈ ಇಟ್ಲು. "ಈ ಬಾಟ್ಲಿ ತುಂಬದ ನಾ ಕೊಟ್ಟೂರಾಗ ಕಾಲಿಡಂಗಿಲ್ಲ, ಅಜ್ಜಿ."

ಮಾಮ ಹಿಂದಿಂದ, "ಹನಿ ಯಾಕ, ಡ್ರಮ್ಮೇ ತರೋಣಂತ" ಅಂದ.

ಹೊರಡೋ ದಿನ ಬಂತು. ಜೀಪಿಗೆ ಹೂವಿನ ಹಾರ, ಗಾಲಿ ಕೆಳಗ ನಿಂಬಿಹಣ್ಣು, ಮಾಮಗ ಕರೀ ಕನ್ನಡಕ. ಒಳಗ ನಾವು ಮೂವರೇ, ಉಳದದ್ದು ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ, ಒಂದ್ ಚೀಲ ಬಾಟ್ಲಿ. ಓಣಿಯೆಲ್ಲಾ ಕೈ ಬೀಸ್ತು. ನಾ ಅರ್ಧ ಮೈ ಹೊರಗ ಹಾಕಿ ಕೂಗಿದ್ದೇ ಕೂಗಿದ್ದು. ಬಾಟ್ಲಿಗಳು ಗಲಗಲ ಗಲಗಲ ಅಂತಿದ್ವು.

ಊರು ದಾಟಿದ ಮ್ಯಾಲೆ ರೋಡು ಎರಡಾಗ್ತೈತಿ. ಒಂದು ಕೂಡ್ಲಿಗಿಗೆ, ಅಲ್ಲಿ ಹೈವೇ, ಹೈವೇ ಹಿಡಿದ್ರ ಪ್ರಪಂಚ. ಇನ್ನೊಂದು ಬೊಮ್ಮನಹಳ್ಳಿಗೆ. ಜೀಪು ಬೊಮ್ಮನಹಳ್ಳಿ ಕಡಿ ತಿರುಗ್ತು.

"ಮಾಮ! ಆ ಕಡಿ!"

"ಗೊತ್ತೈತಲೇ. ಬೊಮ್ಮನಹಳ್ಳಿಯಾಗ ಗಾಳಿ ಚೆಕ್ ಮಾಡಿಸ್ಕೊಂಡು ಹೋಗೋಣ."

ಒಂದ್ ಕಿಲೋಮೀಟರ್ ಹೋಗಿಲ್ಲ, ಒಬ್ಬಾಕಿ ಬುಟ್ಟಿ ಇಟ್ಕೊಂಡು ಕೈ ತೋರ್ಸಿದ್ಲು. ಮಾಮನ ಕಾಲು ತಾನೇ ಬ್ರೇಕಿನ ಮ್ಯಾಲೆ ಹೋತು, ದೇವರಾಣಿ, ಅವನ ತಲಿಗೂ ಕಾಲಿಗೂ ಸಂಬಂಧನ ಇರಲಿಲ್ಲ. ಆಕಿ ಹತ್ತಿದ್ಲು. ಮುಂದ ಇಬ್ಬರು. ಅದರ ಮುಂದ ಒಂದ್ ಕುಟುಂಬ. ನಾ ಬಾಟ್ಲಿ ಚೀಲ ತೊಡಿ ಮ್ಯಾಲೆ ಇಟ್ಕೊಂಡೆ, ನನ್ನ ಮ್ಯಾಲೆ ಯಾರದೋ ಕೂಸು ಕೂತ್ತು. ಹತ್ತಿದವರೆಲ್ಲಾ ಹಾರ ನೋಡಿ, "ಏನ್ ಪಾಲಾಕ್ಷಣ್ಣ, ಎಲ್ಲಿಗೆ?" ಅಂದ್ರ ಇವ, "ರಾಮೇಶ್ವರಕ್ಕ!" ಅಂತಾನ, ಗತ್ತಿನಾಗ. "ಹಂಗಾರ ನಮ್ಮನ್ನ ಬೊಮ್ಮನಹಳ್ಳಿಗೆ ಬಿಡು" ಅಂತಾರ ಅವ್ರು.

ಅತ್ತಿ ಮುಂದಿನ ಸೀಟಿನಾಗ ಉಡಿ ಕಟ್ಕೊಂಡು ಕೂತಿದ್ಲು. ಒಂದೇ ಮಾತಂದ್ಲು. "ಮದುವಿ ದಿನ ಮಂಟಪ ಇಳದು ಓಡಿಹೋಗಿದ್ರ ಚಲೋ ಇತ್ತು."

ಬೊಮ್ಮನಹಳ್ಳಿಯಾಗ ಮಂದಿ ಇಳೀತು, ಹಂಪಸಾಗರಕ್ಕ ಹೋಗೋ ಮಂದಿ ಹತ್ತಿತು. ಬ್ಯಾಡ ಅನ್ನಾಕ ಇವನಿಗೆ ಬಾಯಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾವು ಎಲ್ಲಿದ್ವಿ ಅಂದ್ರ ಹಂಪಸಾಗರದಾಗ, ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡಿ ಮ್ಯಾಲೆ. ರಾಮೇಶ್ವರ ನಮ್ಮ ಬೆನ್ನಿಗೆ!

ಅಲ್ಲಿ ಹನುಮಣ್ಣ ಅಂತ ಮಾಮನ ಗೆಣೆಕಾರ, ಹರಿಗೋಲಿನಾಗ ಮಂದಿ ದಾಟಿಸ್ತಾನ, ಮೀನು ಹಿಡೀತಾನ. ನೀರಿನ ನಡುಕ ಒಂದ್ ದಿಬ್ಬ ಕಾಣ್ತಿತ್ತು. ಡ್ಯಾಮು ತುಂಬಿದಾಗ ಸುತ್ತ ನೀರು ನಿಂತು ಅದೊಂದೇ ಒಣಗಿರ್ತೈತಿ, ಮ್ಯಾಲೆ ಜಾಲಿ ಗಿಡ, ಕುರಿ ಕಾಯೋರು ಹಾಕ್ಕೊಂಡ ಒಂದ್ ಹಳೇ ಗುಡಿಸಲು. "ಅಲ್ಲಿ ಕೂತು ಬುತ್ತಿ ಉಂಡು ಹೊಂಡೋಣ" ಅಂದ ಮಾಮ. ಉಂಡು ಹೊಂಡೋದಕ್ಕ ಬಾಟ್ಲಿ ಚೀಲ ಯಾಕ ಹರಿಗೋಲಿಗೆ ಹಾಕ್ದ ಅಂತ ನಾ ಆಗ ಯೋಚ್ನಿ ಮಾಡಲಿಲ್ಲ. ಹರಿಗೋಲು ಗಿರಗಿರ ತಿರುಗ್ತಿತ್ತು, ನನಗ ಅದೇ ಖುಷಿ!

ರೊಟ್ಟಿ ಬಿಚ್ಚಿದ್ವಿ. ಮಾಮ ಟವೆಲ್ಲಿಂದ ಮುಖ ಒರೆಸ್ಕೊಂಡು, ಕನ್ನಡಕ ತಗದು, ಗಂಟಲು ಸರಿ ಮಾಡ್ಕೊಂಡ.

"ನೋಡ್ರಿ. ದ್ವೀಪ ಅಂದ್ರ ಏನು? ಸುತ್ತ ನೀರು. ಇಲ್ಲಿ ಸುತ್ತ ಏನೈತಿ? ನೀರು. ಆ ಕಡಿ ದಂಡಿ ಕಾಣ್ತೈತೇನು? ಕಾಣಂಗಿಲ್ಲ. ಹಕ್ಕಿ ಬೇಕಂದ್ರ ಹಕ್ಕಿ. ನೀರುನಾಯಿ ಅದಾವಂತ, ಹನುಮಣ್ಣ ತೋರಿಸ್ತಾನ. ಒಂದ್ ವಾರ ಇಲ್ಲೇ ತಂಪಾಗಿ ಇದ್ದು ಹೋದ್ರ ಊರಾಗ ಯಾರಿಗೆ ಗೊತ್ತಾಗ್ತೈತಿ?"

ನನ್ನ ಬಾಯಾಗಿನ ರೊಟ್ಟಿ ಬಾಯಾಗೇ ಉಳೀತು.

"ಬಾಟ್ಲಿ?" ಅಂದ್ಲು ಅತ್ತಿ.

ಮಾಮ ಅಂಗಿ ಕಿಸೆಯಿಂದ ಒಂದ್ ಪೊಟ್ಣ ತಗದ. ಉಪ್ಪು. ಬೊಮ್ಮನಹಳ್ಳಿಯಾಗ ಗಾಳಿ ಚೆಕ್ ಮಾಡ್ಸೋದು ಅಂದ್ರ ಇದು! ಕೈಗೆ ಸಿಕ್ಕಿದ್ದು ಎರ್ರೆಮ್ಮಜ್ಜಿ ಬಾಟ್ಲಿನೇ. ಹಿನ್ನೀರಾಗ ಮುಳುಗಿಸಿ ತುಂಬಿದ, ಉಪ್ಪು ಹಾಕ್ದ, ಹೆಬ್ಬೆರಳು ಒತ್ತಿ ಗಲಗಲ ಅಲ್ಲಾಡಿಸ್ದ, ಸೂರ್ಯನ ಕಡಿ ಹಿಡಿದು ನೋಡಿದ. "ನೋಡ್, ಸಮುದ್ರ."

ಅತ್ತಿ ಅಷ್ಟು ವರ್ಷ ಗಂಡಗ 'ರಿ' ಹಚ್ಚಿ ಮಾತಾಡಿದಾಕಿ. ಅವತ್ತು ಆ 'ರಿ' ನೀರಿಗೆ ಬಿತ್ತು.

"ಯಾಕ ಹೋಗಲಿಲ್ಲ ನೀ? ಜೀಪು ಚಲೋ ಐತಿ, ಮಂದಿ ಕೊಟ್ಟ ಮುಯ್ಯಿ ಐತಿ. ಯಾಕ ತಿರುಗಿಸ್ದಿ?"

"ಅದು... ಗಾಡಿ ಖಾಲಿ ಇತ್ತಲೇ. ಖಾಲಿ ಗಾಡಿ ಓಡಿಸಿದ್ರ ನನಗ..."

"ಖರೇ ಹೇಳು."

ಮಾಮ ನೀರಿನ ಕಡಿ ನೋಡಿದ. "ಕೂಡ್ಲಿಗಿ ದಾಟಿ ನಾ ಯಾವತ್ತೂ ಹೋಗಿಲ್ಲ, ಪಂಪಿ. ಹೈವೇಯಾಗ ಲಾರಿ ನೋಡಿದ್ರ ಅಂಜಿಕಿ, ಸ್ಟೀರಿಂಗ್ ತಾನೇ ವಾಪಸ್ ತಿರುಗ್ತೈತಿ."

ಅಯ್ಯ! ಆನಿಗೆ ರಿವರ್ಸ್ ಹೇಳ್ಕೊಡೋ ಗಂಡಸು! ನನಗ ನಗು ಬಂತು, ಬಿದ್ದು ಬಿದ್ದು ನಕ್ಕೆ, ಅಯ್ಯೋ ಪಾಪ ಅನ್ನಿಸ್ಲೇ ಇಲ್ಲ. ಅಂಜಿಕಿ ಇದ್ರ ಮೊದ್ಲೇ ಹೇಳ್ಬೇಕಪ್ಪ, ಮುದುಕಿ ಬಾಟ್ಲಿಗೆ ಉಪ್ಪು ಹಾಕೋದಲ್ಲ. ಅತ್ತಿ ನಗಲಿಲ್ಲ. ಬಾಟ್ಲಿ ಕಸ್ಕೊಂಡ್ಲು, ನೀರು ಚೆಲ್ಲಿದ್ಲು, ಸೆರಗಿನಾಗ ಒರೆಸಿದ್ಲು. ಬಾಟ್ಲಿ ಚೀಲ ಎತ್ತಿ ನನ್ನ ಕೈಗೆ ಕೊಟ್ಲು.

"ನಡಿ ಮಾಲಾ. ಬಸ್ಸಿಗೆ ಹೋಗೋಣ."

"ಲೇ ಪಂಪಿ! ನಾನು?"

"ನೀ ದ್ವೀಪ ನೋಡಾಕ ಬಂದಿಯಲ್ಲ, ನೋಡು. ನಾವು ಬರೋ ತನಕ ಊರಿಗೆ ಹೋಗೋ ಹಂಗಿಲ್ಲ ನೀನು. ಜೋಡಿಲೇ ಬಿಟ್ಟೀವಿ, ಒಬ್ಬನೇ ಹೋದ್ರ ಓಣಿಯಾಗ ಏನು ಹೇಳ್ತಿ?" ಹರಿಗೋಲು ಹತ್ತಿ ಕೂತು, "ಹನುಮಣ್ಣ, ಇವನಿಗೆ ದಿನಾ ಮುದ್ದಿ ಕೊಡು. ಕರ್ಕೊಂಡು ಮಾತ್ರ ಬರಬ್ಯಾಡ" ಅಂದ್ಲು.

ಹನುಮಣ್ಣ ಹುಟ್ಟು ಹಾಕ್ತಾ, "ಆತು ಬಿಡಕ್ಕ" ಅಂದ, ಮುಖದಾಗ ಹಬ್ಬ. ಮಾಮ ದಂಡಿ ಮ್ಯಾಲೆ ನಿಂತು ಕೂಗಿದ್ದು ಕೇಳ್ತಿತ್ತು, ಆಮ್ಯಾಲೆ ಕೆಂಪು ಟವೆಲ್ ಒಂದೇ ಕಾಣ್ತಿತ್ತು.

ಅಲ್ಲಿಂದ ಏನ್ ಹೇಳ್ಲಿ! ಹೊಸಪೇಟಿ, ಬೆಂಗಳೂರು, ಮಧುರೈ, ಬಸ್ಸಿಂದ ಬಸ್ಸಿಗೆ, ಬಸ್ಸಿಂದ ಬಸ್ಸಿಗೆ! ಭಾಷಿ ಬರಂಗಿಲ್ಲ, ನಾ ಇಂಗ್ಲಿಷ್‌ನಾಗ ಕೇಳಿದ್ರ ಅವ್ರು ತಮಿಳಿನಾಗ ಹೇಳೋರು, ಅತ್ತಿ ನಮ್ಮ ಕನ್ನಡದಾಗೇ ಕೇಳಿದ್ರ ಅವರಿಗೆ ತಿಳಿಯೋದು! ರೊಟ್ಟಿ ತೀರೋ ತನಕ ರೊಟ್ಟಿ ತಿಂದ್ವಿ. ಮಧುರೈಯಾಗ ನಾ, "ಇಲ್ಲಿ ಪಾಲಾಕ್ಷ ಅಂದ್ರ ದಾರಿ ಹೇಳ್ತಾರಂತ ಅತ್ತಿ, ಕೇಳಲೇನು?" ಅಂದೆ. ಬಸ್‌ಸ್ಟ್ಯಾಂಡಿನ್ಯಾಗ ಕೂತು ಅತ್ತಿ ಮೊದ್ಲನೇ ಸಲ ಜೋರಾಗಿ ನಕ್ಕಳು. ಆಮ್ಯಾಲೆ ಆ ಸೇತುವಿ ಬಂತು ನೋಡ್ರಿ! ಎಡಕ್ಕ ಸಮುದ್ರ, ಬಲಕ್ಕ ಸಮುದ್ರ, ಕೆಳಗ ಆಟದ ಸಾಮಾನಿನಂಥ ದೋಣಿ! ನಾ ಕಿರುಚಿದ್ದಕ್ಕ ಕಂಡಕ್ಟರ್ ತಿರುಗಿ ನೋಡಿದ. ಅತ್ತಿ ಕಿಟಕಿ ಸರಳು ಗಟ್ಟಿ ಹಿಡ್ಕೊಂಡು ಕಣ್ಣು ಮುಚ್ಚದ ಕೂತಿದ್ಲು.

ದ್ವೀಪದ ತುದಿಗೆ ಆಗ ರೋಡಿರಲಿಲ್ಲ. ಉಸುಕಿನಾಗ ಹೋಗೋ ಹಳೇ ವ್ಯಾನು ಇದ್ವು. ಹತ್ತಿ ಕೂತ್ವಿ. ಹೊರಡ್ತಾನ ಹೊರಡ್ತಾನ ಅಂದ್ರ ಡ್ರೈವರ್ ಒಂದ್ ಕಾಲು ಮೆಟ್ಟಿಲ ಮ್ಯಾಲೆ, ಒಂದ್ ಕಾಲು ಉಸುಕಿನ ಮ್ಯಾಲೆ ಇಟ್ಟು ಕೂಗಾಕತ್ಯಾನ! ಒಳಗ ಉಸಿರಾಡಾಕ ಜಾಗ ಇಲ್ಲ, ಇನ್ನೂ ಕೂಗಾಕತ್ಯಾನ! ಅತ್ತಿ ಹಣಿ ಬಡ್ಕೊಂಡ್ಲು. "ಇಲ್ಲೂ ಒಬ್ಬ ಅದಾನಲ್ಲೇ, ನಮ್ಮವ್ವ!"

ಸಮುದ್ರ ಮುಟ್ಟಿದಾಗ ಅತ್ತಿ ನಿಂದ್ರಲಿಲ್ಲ. ಸೀರಿ ಸಮೇತ ಕೂತುಬಿಟ್ಲು. ತೆರಿ ಬಂದು ಎದಿ ತನಕ ಹೊಡದು ಹೋತು. ಉಡಿಯಾಗಿದ್ದ ಅಕ್ಕಿ ಕೊಬ್ರಿ ನೀರಿಗೆ ಬಿಟ್ಲು. ಆಮ್ಯಾಲೆ ನನ್ನ ಕಡಿ ತಿರುಗಿ, "ಇಷ್ಟು ದೊಡ್ಡದೈತಲ್ಲೇ! ಇದನ್ನ ಆ ಮನುಷ್ಯ ಒಂದ್ ಪೊಟ್ಣ ಉಪ್ಪಿನಾಗ ಮಾಡಾಕ ನಿಂತಿದ್ದ!" ಅಂದ್ಲು. ಮುಖದ ಮ್ಯಾಲಿದ್ದದ್ದು ಕಣ್ಣೀರೋ ಸಮುದ್ರದ ನೀರೋ ನನಗ ಗೊತ್ತಾಗಲಿಲ್ಲ, ಎರಡೂ ಉಪ್ಪೇ. ಎಲ್ಲಕ್ಕಿಂತ ಮೊದ್ಲು ಎರ್ರೆಮ್ಮಜ್ಜಿ ಬಾಟ್ಲಿ ತುಂಬಿದ್ಲು. ಗುಲಾಬಿ ಹಕ್ಕಿ ಒಂದೂ ಕಾಣಲಿಲ್ಲ, ಕಡಲಹಸುವೂ ಇಲ್ಲ, ಬರೇ ಕಾಗಿ. ಇರ್ಲಿ ಬಿಡ್ರಿ!

ವಾಪಸ್ ಹಂಪಸಾಗರಕ್ಕ ಬಂದ್ವಿ. ಹನುಮಣ್ಣ ನಮ್ಮನ್ನ ಕಂಡವನೇ ಕೈ ಮುಗದ. "ಅಕ್ಕ, ನಿಮ್ಮ ಗಂಡನ್ನ ಕರ್ಕೊಂಡು ಹೋಗ್ರಿ. ದಿಬ್ಬಕ್ಕ ಹೋದಾಗೆಲ್ಲಾ ಬುದ್ಧಿ ಹೇಳ್ತಾನ, ಹರಿಗೋಲು ತುಂಬದ ಬಿಡಬ್ಯಾಡ ಅಂತ. ಬೆಳಿಗ್ಗೆ ಎದ್ದು ದಿಬ್ಬದ ಮ್ಯಾಲೆ ನಿಂತು ಬೊಮ್ನಳ್ಳಿ ಬೊಮ್ನಳ್ಳಿ ಅಂತ ಕೂಗ್ತಾನ. ಮೀನು ಓಡಿಹೋಗಾಕತ್ಯಾವು."

ಮಾಮ ಗಡ್ಡ ಬಿಟ್ಕೊಂಡು, ಸುಟ್ಟ ಬದನಿಕಾಯಿ ಆಗಿ ಹರಿಗೋಲಿಂದ ಇಳದ. ಅತ್ತಿ ಒಂದ್ ಬಾಟ್ಲಿ ಬಿಚ್ಚಿ ಮುಂದ ಹಿಡದ್ಲು. "ಕುಡಿ." ಒಂದ್ ಗುಟುಕು ಹಾಕಿದ, ಥೂ ಅಂತ ಉಗುಳಿದ. "ಎಷ್ಟು ಉಪ್ಪಲೇ ಇದು!"

"ನಿನ್ನ ಪೊಟ್ಣ ಸಾಕಾಗ್ತಿರಲಿಲ್ಲ" ಅಂದ್ಲು ಅತ್ತಿ. ಜೀಪು ಹತ್ತಿ ಕೂತ್ಲು. "ಹೊಡಿ. ಯಾರಿಗಾರ ನಿಲ್ಲಿಸಿದ್ರ ನಾ ಇಳೀತೀನಿ, ಇಳದು ಓಣಿ ತುಂಬ ಹೇಳ್ತೀನಿ."

ಆ ರೋಡಿನ್ಯಾಗ ಅವತ್ತು ಎಷ್ಟು ಕೈ ಎದ್ವು ನಿಮಗೇನ್ ಗೊತ್ತು! ಒಂದೊಂದು ಕೈಗೂ ಮಾಮನ ಕಾಲು ಒದ್ದಾಡ್ತಿತ್ತು. ಖಾಲಿ ಜೀಪಿನ್ಯಾಗ ಬೆವರಿ ಬೆವರಿ ಓಡಿಸಿದ.

ಓಣಿಯಾಗ ಆರತಿ ಆತು. ಬಾಟ್ಲಿ ಹಂಚಿದ್ವಿ. ಎರ್ರೆಮ್ಮಜ್ಜಿ ತನ್ನ ಕಂದು ಬಾಟ್ಲಿಯಿಂದ ಒಂದ್ ಹನಿ ಅಂಗೈಗೆ ಹಾಕ್ಕೊಂಡು ನೆಕ್ಕಿದ್ಲು, ಮುಖ ಹಿಂಡಿದ್ಲು, ಬಾಯಿ ತುಂಬ ನಕ್ಕಳು. "ಖರೇ ಸಮುದ್ರ ಐತಿ. ಪಾಲಾಕ್ಷ, ನೀ ಹೇಳಪ್ಪ, ಏನೇನು ನೋಡಿದಿ?"

ಎಲ್ಲರೂ ಮಾಮನ ಕಡಿ ತಿರುಗಿದ್ರು. ಇವ ಟವೆಲ್ ಒಂದ್ ಹೆಗಲಿಂದ ಇನ್ನೊಂದ್ ಹೆಗಲಿಗೆ ಹಾಕ್ಕೊಂಡ. ಅತ್ತಿ ಮುಖ ನೋಡಿದ. ಅತ್ತಿ ಬೇಕಂತ ಬಾಗಲ ಕಡಿ ನೋಡಿದ್ಲು.

"ಹಕ್ಕಿ" ಅಂದ ಮಾಮ, ಮೆಲ್ಲಕ. "ಒಂದಿನ ಬೆಳಿಗ್ಗೆ ಎದ್ದೆ. ನೀರಿನಾಗ ಸಾಲ್ಕ ನಿಂತಿದ್ವು. ಉದ್ದ ಕಾಲು, ಗುಲಾಬಿ ಬಣ್ಣ. ತಲಿ ಕೆಳಗ ಮಾಡಿ ತಿಂತಿದ್ವು. ನಾ ಕೂಗಿದೆ, ಎಲ್ಲಾ ಒಮ್ಮೆಲೆ ಎದ್ವು, ರೆಕ್ಕಿ ಒಳಗ ಕೆಂಪು. ಆಮ್ಯಾಲೆ ಆ ದಿನವೆಲ್ಲಾ ನಾ ಕೂಗಲಿಲ್ಲ."

ನಾ ಹೊಟ್ಟಿಕಿಚ್ಚಿನಿಂದ ಸತ್ತೆ! ಅಷ್ಟು ದೂರ ಹೋಗಿ ನಾನು ಕಾಗಿ ನೋಡಿ ಬಂದೀನಿ, ಈ ಮನುಷ್ಯ ಬಿದ್ದ ಕಡಿ ಬಿದ್ಕೊಂಡೇ ಅವನ್ನ ನೋಡ್ಯಾನ!

ಎರ್ರೆಮ್ಮಜ್ಜಿ ಅತ್ತಿ ಕಡಿ ತಿರುಗಿದ್ಲು. "ಹೌದೇನ ತಾಯಿ? ಹಂಗಿದ್ವೇನು?"

"ಇದ್ದಿರಬೇಕಜ್ಜಿ" ಅಂದ್ಲು ಅತ್ತಿ. "ಅವನ್ನ ಇವನೊಬ್ಬನೇ ನೋಡಿದ್ದು. ನಾವಿಬ್ಬರೂ ಆಗ ಸಮುದ್ರದ ಹತ್ರ ಇದ್ವಿ."